ಕಾವಿ ನೆಲದ ಮೇಲೊಂದು ಗೆರೆ

ನನ್ನ ಪುಳ್ಳಿ, ಅಂದರೆ ಮಗಳ ಮಗಳು, ಈಗ ನಾನು ಹಾಕಿದ ನೆಲದ ಮೇಲೆ ಕವುಚಿ ಮಲಗಿದ್ದಾಳೆ. ಚಾಪೆ ಹಾಸಿ ಅದರ ಮೇಲೆ ಹಳೆಯ ಸೀರೆ ಮಡಚಿ ಹಾಕಿ ಮಲಗಿಸಿದ್ದೆವು. ಉರುಳಿ ಉರುಳಿ ಬರೀ ನೆಲಕ್ಕೇ ಬಂದಳು. ಒಂದು ಕೆನ್ನೆ ನೆಲಕ್ಕೆ ಅಂಟಿದೆ, ಬಾಯಿ ಅರ್ಧ ತೆರೆದಿದೆ, ಜೊಲ್ಲು ಇಳಿಯುತ್ತಾ ಉಂಟು. ಈ ಸೆಕೆಗೆ ತಂಪು ಎಲ್ಲಿ ಸಿಗುತ್ತದೆ ಎಂದು ಒಂಬತ್ತು ತಿಂಗಳ ಮಗುವಿಗೆ ಯಾರು ಹೇಳಿಕೊಟ್ಟರು ಮಾರಾಯ್ರೆ? ಅವಳು ಏಳುವುದರೊಳಗೆ ಈ ನೆಲದ ಕಥೆ ಬರೆದು ಮುಗಿಸಬೇಕು. ಎದ್ದರೆ ಪೆನ್ನು ಅವಳಿಗೆ ಬೇಕು.

ನಾನು ಗಾರೆ ಕೆಲಸದವ. ಐದನೇ ಕ್ಲಾಸಿನ ಅರ್ಧದಲ್ಲಿ ಶಾಲೆ ಬಿಟ್ಟು ಕಾರ್ಕಳದ ಒಬ್ಬ ಮೇಸ್ತ್ರಿಯ ಹಿಂದೆ ಹೋದೆ. ಅವರು ಕಾವಿ ನೆಲ ಹಾಕುವುದರಲ್ಲಿ ಎತ್ತಿದ ಕೈ. ಸಿಮೆಂಟಿಗೆ ಕೆಂಪು ಕಾವಿ ಹುಡಿ ಬೆರೆಸಿ, ಹಸಿ ಇರುವಾಗಲೇ ಕರಣೆಯಲ್ಲಿ ಎಳೆದು, ಆಮೇಲೆ ಹೊಳೆಯ ನುಣುಪು ಕಲ್ಲಿನಲ್ಲಿ ತಿಕ್ಕಿ ತಿಕ್ಕಿ ಹೊಳಪು ತರುವುದು. ನಮ್ಮ ಮೇಸ್ತ್ರಿಯ ನೆಲದಲ್ಲಿ ಬಗ್ಗಿ ನೋಡಿ ತಲೆ ಬಾಚಬಹುದಿತ್ತು. ಅವರು ಎರಡೇ ಪಾಠ ಹೇಳುತ್ತಿದ್ದರು. ಒಂದು, ಕಾವಿ ಹಿಡಿದ ಮೇಲೆ ಕೋಣೆ ಮುಗಿಯುವವರೆಗೆ ಏಳಬಾರದು. ನಡುವೆ ಎದ್ದು ಹೋದರೆ, ನಿಲ್ಲಿಸಿದ ಜಾಗದಲ್ಲಿ ಒಂದು ಗೆರೆ ಬೀಳುತ್ತದೆ, ಅದು ನೆಲ ಇರುವಷ್ಟು ಕಾಲ ಹೋಗುವುದಿಲ್ಲ. ಎರಡು, ತಿಕ್ಕಿದ್ದು ಸಾಕು ಎನ್ನುವಾಗ ಕೈ ತೆಗೆಯಬೇಕು. ಆಸೆಯಿಂದ ಹೆಚ್ಚು ತಿಕ್ಕಿದರೆ ಬಣ್ಣ ಬಿಳಿಚಿಕೊಳ್ಳುತ್ತದೆ. "ಕೈ ಆಡಿಸಲು ಎಲ್ಲರಿಗೂ ಬರುತ್ತದೆ, ಕೈ ತೆಗೆಯಲು ಬರಬೇಕು" ಎನ್ನುತ್ತಿದ್ದರು. ಸಾಯುವ ಮೊದಲು ಅವರ ತಿಕ್ಕುವ ಕಲ್ಲು ನನಗೆ ಕೊಟ್ಟರು. ಕೋಳಿಮೊಟ್ಟೆಗಿಂತ ಸ್ವಲ್ಪ ದೊಡ್ಡದು, ಒಂದು ಬದಿ ಸವೆದು ಚಪ್ಪಟೆ ಆಗಿದೆ.

ಉಡುಪಿಯಿಂದ ಕಾರ್ಕಳದವರೆಗೆ ಎಷ್ಟೋ ಮನೆಗಳಲ್ಲಿ ನನ್ನ ನೆಲ ಇತ್ತು. ಇತ್ತು ಎಂದೇ ಹೇಳಬೇಕು. ಟೈಲ್ಸ್ ಬಂತು. ನನ್ನ ನೆಲದ ಮೇಲೆಯೇ ಸಿಮೆಂಟು ಸುರಿದು ಟೈಲ್ಸ್ ಅಂಟಿಸಿದರು. ಹದಿನೈದು ವರ್ಷದಿಂದ ನನ್ನನ್ನು ನೆಲಕ್ಕೆ ಅಂತ ಯಾರೂ ಕರೆಯಲಿಲ್ಲ. ಕಾಂಪೌಂಡು ಗೋಡೆ, ಬಾವಿಕಟ್ಟೆ, ಸೋರುವ ತಾರಸಿ ಹೀಗೆ ಕೆಲಸ ಮಾಡಿಕೊಂಡಿದ್ದೆ. ಮತ್ತೆ ಮೊಣಕಾಲು ಕೈ ಕೊಟ್ಟಿತು, ಅದೂ ಬಿಟ್ಟೆ.

ಹೀಗಿರುವಾಗ ನನ್ನ ಒಬ್ಬಳೇ ಮಗಳು ಯಾರನ್ನು ಇಷ್ಟಪಟ್ಟಳು ಹೇಳಿ ನೋಡುವಾ? ಟೈಲ್ಸ್ ಹಾಕುವವನನ್ನು! ಅವಳು ಮಣಿಪಾಲದಲ್ಲಿ ಒಂದು ಝೆರಾಕ್ಸ್ ಅಂಗಡಿಯಲ್ಲಿ ಕೆಲಸಕ್ಕೆ ಇರುವುದು. ಆ ಅಂಗಡಿಗೆ ಟೈಲ್ಸ್ ಹಾಕಲು ಬಂದವ ಅವನು, ಬಾಗಲಕೋಟೆ ಕಡೆಯ ಹುಡುಗ. ನಾವು ಮನೆಯಲ್ಲಿ ತುಳು ಮಾತಾಡುವವರು, ಅವನದು ಆ ಕಡೆಯ ಕನ್ನಡ. ಆದರೆ ನನ್ನ ಸಿಟ್ಟು ಭಾಷೆಗೂ ಅಲ್ಲ, ಊರಿಗೂ ಅಲ್ಲ. ಟೈಲ್ಸಿಗೆ. ಮದುವೆ ಮಾಡಿಕೊಟ್ಟೆ, ಆದರೆ ಎರಡು ವರ್ಷ ಅವನ ಹತ್ತಿರ "ಊಟ ಆಯ್ತಾ", "ಬಸ್ಸು ಸಿಕ್ಕಿತಾ" ಎರಡೇ ಮಾತು.

ಪುಳ್ಳಿ ಹುಟ್ಟಿದ ದಿನ ಆಸ್ಪತ್ರೆಯ ಬೆಂಚಿನಲ್ಲಿ ಅವನೂ ನಾನೂ ಪಕ್ಕಪಕ್ಕ ಕೂತಿದ್ದೆವು. ನರ್ಸು ಬಂದು "ಹೆಣ್ಣು ಮಗು, ತಾಯಿ ಮಗು ಇಬ್ಬರೂ ಹುಷಾರು" ಎಂದರು. ನಾನು ಅವನ ಕೈ ಹಿಡಿದುಕೊಂಡೆ. ಬಿಡಲು ಮರೆತೆ. ನನ್ನ ಹೆಂಡತಿ ಬಂದು "ಓ ಇವರೇ, ಕೈ ಬಿಡಿ, ಮಗು ನೋಡಲು ಅವನು ಹೋಗಬೇಡವಾ?" ಎಂದ ಮೇಲೆ ಬಿಟ್ಟೆ. ಅವನ ಅಂಗೈ ನನ್ನ ಅಂಗೈಯ ಹಾಗೆಯೇ ಉಂಟು. ಸಿಮೆಂಟು ತಿಂದ ಕೈ.

ಆಗ ಕಾಪುವಿನಲ್ಲಿ ನಮ್ಮ ಮನೆಯ ಬದಿಯಲ್ಲಿಯೇ ಅವರ ಪುಟ್ಟ ಮನೆ ಏಳುತ್ತಿತ್ತು. ಎರಡು ಕೋಣೆ, ಒಂದು ಅಡುಗೆಮನೆ, ಮೇಲೆ ಹಂಚು. ಮಗಳದ್ದು ವಿಚಿತ್ರ ಬೇಡಿಕೆ. ಎಲ್ಲರೂ ಅದು ಬೇಕು ಇದು ಬೇಕು ಎಂದರೆ, ಇವಳದ್ದು ಅದು ಬೇಡ ಇದು ಬೇಡ.

"ಗೋಡೆಗೆ ಸುಣ್ಣ ಮಾತ್ರ ಸಾಕಪ್ಪ. ಕಿಟಕಿ ಇರುವ ಗೋಡೆಗೆ ಅದೂ ಬೇಡ. ಕೆಂಪು ಕಲ್ಲು ಹಾಗೆಯೇ ಕಾಣಲಿ."

"ಗಾರೆಯವನ ಮಗಳ ಮನೆಗೆ ಸಾರಣೆ ಮಾಡಲು ಸಿಮೆಂಟು ಸಾಕಾಗಲಿಲ್ಲ ಎನ್ನುತ್ತಾರೆ ಜನ" ಎಂದೆ.

"ಎನ್ನಲಿ. ನಾನು ದಿನವಿಡೀ ಟ್ಯೂಬ್‌ಲೈಟಿನ ಅಡಿಯಲ್ಲಿ, ಮೆಷಿನಿನ ಸದ್ದಲ್ಲಿ, ಪ್ಲಾಸ್ಟಿಕ್ ಕವರಿನ ನಡುವೆ ಇರುವವಳು. ಮನೆಗೆ ಬಂದರೆ ಕಣ್ಣಿಗೆ ಯಾವುದೂ ಚುಚ್ಚಬಾರದು."

ಅವಳು ಹೇಳಿದ ಹಾಗೆಯೇ ಮಾಡಿದೆವು. ಕಾರ್ಕಳದಲ್ಲಿ ಕೆಡವಿದ ಒಂದು ಮನೆಯ ಹಲಸಿನ ಮರದ ಬಾಗಿಲು ಸಿಕ್ಕಿತು. ಅದಕ್ಕೆ ಬಣ್ಣ ಬಳಿಯದೆ, ಎಣ್ಣೆ ಮಾತ್ರ ಹಚ್ಚಿ, ಗಿಡ್ಡ ಕಾಲು ಕೊಟ್ಟು ಊಟದ ಮೇಜು ಮಾಡಿದೆವು. ಚಿಲಕ ಇದ್ದ ತೂತು ಹಾಗೆಯೇ ಉಂಟು. ಈಗ ಪುಳ್ಳಿ ಅದರಲ್ಲಿ ಬೆರಳು ತೂರಿಸುತ್ತಾಳೆ. ಕಿಟಕಿಯ ಕೆಳಗೆ ಕೂರಲು ಕಾರ್ಕಳದ ಕಪ್ಪು ಕಲ್ಲಿನ ಒಂದು ಹಾಸು. ಮೂಡೆ ಕಡುಬು ಬೇಯಿಸಲು ಕಟ್ಟುವ, ಕೇದಗೆ ಜಾತಿಯ ಮುಂಡೇವಿನ ಎಲೆ ಉಂಟಲ್ಲ, ಅದರಲ್ಲಿ ನನ್ನ ಅತ್ತೆ ಹೆಣೆದ ಎರಡು ಚಾಪೆ. ನೀರಿಗೆ ಮಣ್ಣಿನ ಹೂಜಿ. ಇಷ್ಟೇ.

ನೆಲ ಮಾತ್ರ ಉಳಿದಿತ್ತು. ಅಳಿಯನೇ ಟೈಲ್ಸಿನವ ಅಲ್ವಾ, ಅದರಲ್ಲಿ ಮಾತೇನಿದೆ ಎಂದು ನಾನು ಸುಮ್ಮನೆ ಇದ್ದೆ. ಒಂದು ಭಾನುವಾರ ಅವನು ಬಂದು ನಮ್ಮ ಜಗಲಿಯಲ್ಲಿ, ನಾನೇ ಹಿಂದೆ ಹಾಕಿದ ಕಾವಿಯ ಮೇಲೆ ಕೂತ.

"ಮಾವಾರ, ನೆಲಾ ನೀವ ಹಾಕಬೇಕ್ರಿ."

"ಅದು ನಿನ್ನ ಕೆಲಸ ಅಲ್ವಾ ಮಾರಾಯ?"

"ಮಂದಿ ಮನಿಗಿ ಹಾಕ್ತೀನ್ರಿ. ನಮ್ಮ ಮನಿಗಿ ಟೈಲ್ಸ್ ಬ್ಯಾಡ್ರಿ. ಹುಡುಗಿ ಕೇಳಾಕ ಮೊದಲನೇ ಸಲ ಬಂದಾಗ ನೀವು ನನ್ನ ಕೂಡ ಒಂದ ಮಾತೂ ಆಡಲಿಲ್ಲ. ಒಂದ ತಾಸು ಕುಂತಿದ್ದೆ. ಇಲ್ಲೇ, ಈ ನೆಲದ ಮ್ಯಾಲ ಅಂಗೈ ಇಟ್ಕೊಂಡ ಕುಂತಿದ್ದೆ ನೋಡ್ರಿ. ಅವತ್ತ ನನ್ನ ಮಾತಾಡಿಸಿದ್ದು ಈ ನೆಲಾ ಒಂದ."

ನಾನು ಎದ್ದು ಹೋಗಿ ಪೆಟ್ಟಿಗೆಯಿಂದ ಮೇಸ್ತ್ರಿಯ ಕಲ್ಲು ತಂದು ಅವನ ಕೈಯಲ್ಲಿಟ್ಟೆ. ಅವನು ತಿರುಗಿಸಿ ತಿರುಗಿಸಿ ನೋಡಿದ.

ಒಳಗಿಂದ ಹೆಂಡತಿ, "ಮೊಣಕಾಲನ್ನು ಯಾರು ಕೇಳುವುದು?" ಎಂದಳು.

"ಒಂದು ನೆಲಕ್ಕೆ ಬರುತ್ತದೆ. ಮತ್ತೆ ಅದು ಬೇಕೂ ಇಲ್ಲ" ಎಂದೆ.

ನಿಜವಾಗಿ ನನ್ನ ಮನಸ್ಸಿನಲ್ಲಿ ಒಂದೇ ಒಂದು ಆಸೆ ಇತ್ತು. ಮಗಳು, ಅಳಿಯ ಆಗ ಇದ್ದ ಮಣಿಪಾಲದ ಬಾಡಿಗೆ ಮನೆಯಲ್ಲಿ ಬಿಳಿ ಟೈಲ್ಸು, ಗಾಜಿನಂಥದ್ದು. ಪುಳ್ಳಿ ಅಂಬೆಗಾಲಿಗೆ ಎದ್ದು ಮುಂದೆ ಹೋಗಬೇಕು ಎಂದು ನೋಡುತ್ತಿದ್ದಳು, ಮೊಣಕಾಲು ಜಾರಿ ಹಿಂದೆ ಹಿಂದೆಯೇ ಹೋಗುತ್ತಿದ್ದಳು. ಸೋಫಾದ ಅಡಿಗೆ ಸೇರಿ ಅಳುತ್ತಿದ್ದಳು. ಅವಳು ಮೊದಲ ಸಲ ಮುಂದಕ್ಕೆ ಅಂಬೆಗಾಲಿಡುವುದು ನನ್ನ ಕೈಯ ನೆಲದ ಮೇಲೆ ಆಗಬೇಕು. ಆ ನೆಲದಲ್ಲಿ ಒಂದು ಕಲೆ, ಒಂದು ಬಿರುಕು ಇರಬಾರದು. ನನ್ನ ಕೊನೆಯ ನೆಲ ಅದು. ಅದಕ್ಕಿಂತ ದೊಡ್ಡ ಆಸೆ ನನಗೆ ಆಗ ಇರಲಿಲ್ಲ.

ಉಡುಪಿಗೆ ಹೋಗಿ ಕಾವಿ ಹುಡಿ ತಂದೆ. ಅಂಗಡಿಯವರು ಒಳಗಿನ ಕಪಾಟಿನಿಂದ ಧೂಳು ಹೊಡೆದು ಕೊಟ್ಟರು. ಖುಷಿಯಲ್ಲಿ ಕಪ್ಪು ಹುಡಿಯ ಒಂದು ಪ್ಯಾಕೆಟನ್ನೂ ತಂದೆ. ಯಾಕೆಂದರೆ ದೊಡ್ಡ ಕೋಣೆಯ ನಡುವೆ ಕಪ್ಪು ತಾವರೆ ಮಾಡಬೇಕು, ಸುತ್ತ ಬಳ್ಳಿ, ನಾಲ್ಕು ಮೂಲೆಗೆ ನಾಲ್ಕು ಗಿಳಿ ಎಂದು ಲೆಕ್ಕ ಹಾಕಿದ್ದೆ. ಹಳೆಯ ಕ್ಯಾಲೆಂಡರಿನ ಹಿಂದೆ ಚಿತ್ರ ಕೂಡ ಬರೆದಿದ್ದೆ. ಮಗಳು ಚೀಲ ಬಿಚ್ಚಿದಳು.

"ಅಪ್ಪಾ, ಇದೆಂತ?"

"ಸಣ್ಣದೊಂದು ತಾವರೆ."

"ಈ ನಾಲ್ಕು ಕಾಗೆ?"

"ಗಿಳಿ ಮಾರಾಯ್ತಿ!"

ಹೆಂಡತಿ ನಕ್ಕಳು. "ನಿನ್ನ ಅಪ್ಪನಿಗೆ ಖುಷಿ ಹೆಚ್ಚಾದರೆ ಪಾಯಸಕ್ಕೂ ಒಗ್ಗರಣೆ ಹಾಕುತ್ತಾರೆ."

ಮಗಳು ನನ್ನ ಪಕ್ಕ ಕೂತು ಮೆಲ್ಲಗೆ ಹೇಳಿದಳು. "ಬೇಡಪ್ಪ. ಬರೀ ಕೆಂಪು ಮಾಡಿ. ನಿಮ್ಮ ಕೈ ಗೊತ್ತಾಗಲು ತಾವರೆ ಬೇಕಾ?" ನಾನು ಪ್ಯಾಕೆಟನ್ನು ಕೆಲಸದ ಚೀಲದ ಅಡಿಗೆ ಹಾಕಿದೆ. ಬೇಸರ ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಕೈ ತೆಗೆಯುವ ಪಾಠ ಅವಳಿಗೆ ನಾನು ಕಲಿಸದೆಯೇ ಹೇಗೆ ಬಂತು ಎಂದು ಆಶ್ಚರ್ಯವೂ ಆಯಿತು.

ನೆಲದ ದಿನ ಬೆಳಕು ಹರಿಯುವಾಗಲೇ ಶುರು ಮಾಡಿದೆವು. ಮಗಳು ಅಂಗಡಿಗೆ ಹೋಗಬೇಕಿತ್ತು, ಹಾಗಾಗಿ ಮಗುವನ್ನು ನೋಡಿಕೊಳ್ಳಲು ಹೆಂಡತಿ ಮಣಿಪಾಲಕ್ಕೆ ಹೋಗಿದ್ದಳು. ಇಲ್ಲಿ ನಾನು ಮತ್ತು ಅಳಿಯ ಇಬ್ಬರೇ. ಸಿಮೆಂಟು, ಕಾವಿ ಸೇರಿಸಿ ಬಟ್ಟೆಯಲ್ಲಿ ಮೂರು ಸಲ ಜರಡಿ ಹಿಡಿದೆವು. ಬಣ್ಣ ಎಲ್ಲ ಒಂದೇ ಸಲಕ್ಕೆ ಬೆರೆಸಿ ಇಡಬೇಕು, ಇಲ್ಲದಿದ್ದರೆ ಒಂದೊಂದು ಬಾಲ್ದಿಗೆ ಒಂದೊಂದು ಬಣ್ಣ. ಅಳಿಯ ಕಲಸಿ ಕೊಡುವುದು, ನಾನು ಹಲಗೆಯ ಮೇಲೆ ಕೂತು ಒಳಗಿನ ಗೋಡೆಯಿಂದ ಬಾಗಿಲ ಕಡೆಗೆ ಹಿಂದೆ ಹಿಂದೆ ಬರುತ್ತಾ ಎಳೆಯುವುದು. ಮೊಣಕಾಲಿಗೆ ಗೋಣಿ ಸುತ್ತಿಕೊಂಡಿದ್ದೆ. ಕೈ ಮರೆತಿರಲಿಲ್ಲ ಮಾರಾಯ್ರೆ! ಹದಿನೈದು ವರ್ಷ ಆದರೂ ಕರಣೆ ತಾನಾಗಿಯೇ ಓಡುತ್ತಿತ್ತು. ಅರ್ಧ ಕೋಣೆ ಮುಗಿಯುವಾಗ ಹಿಂದೆ ನಿಂತಿದ್ದ ಅಳಿಯ, "ಏನ್ ಕೈ ಐತ್ರಿ ಮಾವಾರ ನಿಮ್ದು!" ಎಂದ. ನಾನು ಉಬ್ಬಿ ಹೋದೆ.

ಆಗ ಹೊರಗೆ ಮೊಳೆಗೆ ನೇತುಹಾಕಿದ್ದ ಅಂಗಿಯೊಳಗೆ ಫೋನು ಬಡಿದುಕೊಂಡಿತು. ಅಳಿಯ ಎತ್ತಿದ. ಹೆಂಡತಿಯ ದನಿ ಇಲ್ಲಿಯವರೆಗೆ ಕೇಳಿತು. "ಬಂದಳು! ಮುಂದೆ ಬಂದಳು! ಪುಳ್ಳಿ ಮುಂದೆ ಬಂದಳು!"

ಕೆಂಪು ಕಲ್ಲಿನ ಗೋಡೆಯ ಹತ್ತಿರ ವೀಡಿಯೊ ಬರುವುದಿಲ್ಲ, ರಸ್ತೆಗೆ ಹೋಗಬೇಕು. ಅಳಿಯ ಓಡಿದ. ಅವನ ಹಿಂದೆ ನಾನೂ ಓಡಿದೆ. ಹೌದು, ಈ ಮೊಣಕಾಲಿನಲ್ಲಿ, ಗೋಣಿ ಸಮೇತ! ಪರದೆಯಲ್ಲಿ ನೋಡಿದರೆ ಪುಳ್ಳಿ ಕೂತುಬಿಟ್ಟಿದ್ದಾಳೆ. "ಇನ್ನೊಮ್ಮೆ ಮಾಡಿಸು" ಎಂದೆ. ಹೆಂಡತಿ ದೂರದಲ್ಲಿ ಚಮಚ ಇಟ್ಟಳು. ಪುಳ್ಳಿ ಚಮಚ ನೋಡಿದಳು, ಅಜ್ಜಿಯನ್ನು ನೋಡಿದಳು, ತನ್ನ ಕಾಲ ಹೆಬ್ಬೆರಳು ಬಾಯಿಗೆ ಹಾಕಿಕೊಂಡಳು. ನಾವು ಇಬ್ಬರು ದೊಡ್ಡ ಗಂಡಸರು ರಸ್ತೆ ಬದಿಯಲ್ಲಿ ನಿಂತು, ಕೈಯೆಲ್ಲ ಕೆಂಪು ಮಾಡಿಕೊಂಡು, "ಬಾ ಬಾ ಬಾ, ಚಿನ್ನೂ, ಬಾ" ಎಂದು ಫೋನನ್ನು ಕರೆಯುತ್ತಿದ್ದೆವು. ಸ್ಕೂಟರಿನಲ್ಲಿ ಮೀನು ತರುವವರು ನಿಲ್ಲಿಸಿ "ಎಂತ ಆಯಿತು, ರಕ್ತ ಎಂತ?" ಎಂದು ಗಾಬರಿಯಾದರು. ಅವರಿಗೂ ತೋರಿಸಿದೆ. ಅವರೂ "ಬಾ ಬಾ" ಎಂದರು. ಕೊನೆಗೆ ಪುಳ್ಳಿ ಎರಡು ಕೈ ಊರಿ, ಎದ್ದು, ಒಂದು ಮೊಣಕಾಲು, ಇನ್ನೊಂದು ಮೊಣಕಾಲು... ಬಂದೇ ಬಂದಳು, ಫೋನನ್ನೇ ನುಂಗುವ ಹಾಗೆ ಬಂದಳು. ಅಳಿಯ ಕಣ್ಣು ಒರೆಸಿಕೊಂಡ, ಅವನ ಮುಖವೆಲ್ಲ ಕಾವಿ.

ಆಗ ನನಗೆ ನೆಲ ನೆನಪಾಯಿತು.

"ಅಯ್ಯೋ, ನೆಲ!"

"ಏನಾತ್ರಿ ಮಾವಾರ? ಓಡಿ ಹೋಗ್ತದೇನ್ರಿ?" ಎಂದ. ಅವನಿಗೆ ಗೊತ್ತಿಲ್ಲ. ಟೈಲ್ಸು ಕಾಯುತ್ತದೆ. ಕಾವಿ ಕಾಯುವುದಿಲ್ಲ.

ಹೋಗಿ ಮುಟ್ಟಿದರೆ ಅಂಚು ಗಟ್ಟಿ. ಕಡಲ ಗಾಳಿ, ಕಿಟಕಿಯಿಂದ ಬಿಸಿಲು. ನೀರು ಚಿಮುಕಿಸಿ, ಹೊಸದನ್ನು ಕೂಡಿಸಿ, ಮೇಸ್ತ್ರಿಯ ಕಲ್ಲಿನಲ್ಲಿ ಎಷ್ಟು ನಾಜೂಕಾಗಿ ತಿಕ್ಕಿದರೂ ಕೂಡುವ ಜಾಗ ಕಾಣುತ್ತಿತ್ತು. ಉಳಿದರ್ಧ ಮುಗಿಸಿದೆ. ಎದ್ದು ಬಾಗಿಲಲ್ಲಿ ನಿಂತು ನೋಡಿದೆ. ಕೋಣೆಯ ನಟ್ಟನಡುವೆ, ಈ ಗೋಡೆಯಿಂದ ಆ ಗೋಡೆಗೆ, ಕೂದಲಿನ ಎಳೆಗಿಂತ ಸ್ವಲ್ಪ ದಪ್ಪದ ಒಂದು ಕಪ್ಪು ಗೆರೆ. ಕರಣೆ ಹಿಡಿದಷ್ಟು ಕಾಲ ಬೇರೆಯವರಿಗೆ "ನಡುವೆ ಏಳಬೇಡ" ಎಂದು ಬೈದವ ನಾನು. ಕೊನೆಯ ನೆಲದಲ್ಲಿ ನಾನೇ ಎದ್ದು ಓಡಿದೆ. ಅವಳ ಮೊದಲ ಅಂಬೆಗಾಲೂ ಟೈಲ್ಸಿನ ಮೇಲೆಯೇ ಆಯಿತು, ನೆಲವೂ ಹಾಳಾಯಿತು. ಎರಡೂ ಒಂದೇ ಗಳಿಗೆಯಲ್ಲಿ.

ಸಂಜೆ ಮಗಳೂ ಹೆಂಡತಿಯೂ ಮಗುವಿನ ಜೊತೆ ಬಂದಾಗ ನಾನು ಮುಖ ಎತ್ತಲಿಲ್ಲ. "ಒಡೆದು ಮತ್ತೆ ಹಾಕುತ್ತೇನೆ" ಎಂದೆ.

"ಯಾವ ಕಾಲಿನಲ್ಲಿ?" ಎಂದಳು ಹೆಂಡತಿ.

ಅಳಿಯನ ಮುಖವೂ ಸಣ್ಣದಾಗಿತ್ತು. "ನಾನ ಮೊದಲ ಓಡಿದ್ದು. ತಪ್ಪು ನಂದ್ರಿ. ಆ ಕಪ್ಪು ಹುಡಿ ಐತಲ್ರಿ ಮಾವಾರ, ಗೆರಿ ಗುಂಟ ಕೊರದು ಒಂದ ಪಟ್ಟಿ ಹಾಕಿದ್ರ ಮುಚ್ಚಿ ಹೊಕ್ಕೈತಿ."

ಹೌದಲ್ವಾ! ನನಗೆ ಅದು ಹೊಳೆದೇ ಇರಲಿಲ್ಲ. ಕಪ್ಪು ಪಟ್ಟಿ ಹಾಕಿದರೆ ಬೇಕೆಂದೇ ಮಾಡಿದ ಹಾಗೆ ಕಾಣುತ್ತದೆ. ಪಟ್ಟಿಯ ನಡುವೆ ಒಂದು ತಾವರೆಯನ್ನೂ ಕೂರಿಸಬಹುದು, ಯಾರಿಗೂ ಗೊತ್ತಾಗುವುದಿಲ್ಲ. ಮಗಳು ಮಾತ್ರ, "ಈಗ ಏನೂ ಮಾಡಬೇಡಿ. ನೀರು ಕಟ್ಟಿ. ಆಮೇಲೆ ನೋಡುವಾ" ಎಂದಳು.

ಬಾಗಿಲಿಗೆ ಮಣ್ಣಿನ ಸಣ್ಣ ದಂಡೆ ಕಟ್ಟಿ ಹತ್ತು ದಿನ ಕೋಣೆಯಲ್ಲಿ ನೀರು ನಿಲ್ಲಿಸಿದೆವು. ನಾನು ದಿನಾ ಬೆಳಿಗ್ಗೆ ಹೋಗಿ ನೋಡುತ್ತಿದ್ದೆ. ನೀರಿನ ಅಡಿಯಲ್ಲಿ ಗೆರೆ ಕಾಣುತ್ತಿರಲಿಲ್ಲ. ಹೋಯಿತೇನೋ ಎಂದು ಆಸೆ ಪಡುತ್ತಿದ್ದೆ. ನೀರು ಬಿಟ್ಟ ದಿನ ಅದು ಹಾಗೆಯೇ ಉಂಟು, ಮೊದಲಿಗಿಂತ ಎದ್ದು ಕಾಣುತ್ತಾ ಉಂಟು. ಬಾಗಿಲಿನ ಮಣ್ಣಿನ ದಂಡೆ ಗುಡಿಸಿ ಹಾಕಿ ಮನೆಗೆ ಬಂದೆ.

ನನ್ನ ಬೇಸರ ನೋಡಲಾರದೆ ಹೆಂಡತಿ ತನಗೆ ತಿಳಿದ ಮದ್ದು ಮಾಡಿದಳು. ಹಾಲು ಹಿಂಡಿದ ತೆಂಗಿನಕಾಯಿಯ ತುರಿಯನ್ನು ಬಟ್ಟೆಯಲ್ಲಿ ಕಟ್ಟಿ ಇಡೀ ನೆಲ ತಿಕ್ಕಿದಳು. ಹಿಂದೆ ಎಲ್ಲರೂ ಮಾಡುತ್ತಿದ್ದದ್ದೇ. ಆದರೆ ಆಮೇಲೆ ಒಣ ಬಟ್ಟೆಯಲ್ಲಿ ಚೆನ್ನಾಗಿ ಒರೆಸಬೇಕು. ಪಕ್ಕದ ಮನೆಯವರು ಕರೆದರೆಂದು ಅವಳು ಎದ್ದು ಹೋದಳು. ಮರುದಿನ ಬೆಳಿಗ್ಗೆ ನೋಡಿದರೆ ಕಾಪುವಿನ ಇರುವೆಗಳೆಲ್ಲ ಆ ಕೋಣೆಯಲ್ಲಿ. ತುರಿಯ ಕಣ ಆ ಸಂದಿನಲ್ಲಿ ಕೂತಿತ್ತೋ ಏನೋ, ನನ್ನ ಗೆರೆಯ ಮೇಲೆಯೇ ಸಾಲು ಹಿಡಿದು, ಈ ಗೋಡೆಯಿಂದ ಆ ಗೋಡೆಗೆ ಹೋಗುತ್ತಾ ಇವೆ. ಅಳಿಯ ಬಗ್ಗಿ ನೋಡಿ, "ಅತ್ತಿ, ಕಪ್ಪು ಪಟ್ಟಿ ನೀವ ಹಾಕಿಬಿಟ್ರಲ್ರಿ!" ಎಂದ. ಎಷ್ಟೋ ದಿನದ ಮೇಲೆ ಅವತ್ತು ನಾನು ನಕ್ಕೆ.

"ನೀವು ಎದ್ದು ಓಡಿದಿರಿ, ನಾನೂ ಎದ್ದು ಹೋದೆ. ಸರಿಹೋಯಿತಲ್ಲ" ಎಂದಳು ಹೆಂಡತಿ, ಇರುವೆ ಗುಡಿಸುತ್ತಾ.

ಹೊಸ ಮನೆಯ ಒಕ್ಕಲಿನ ದಿನ ಬಂತು. ಹಾಲು ಉಕ್ಕಿತು, ಊಟ ಆಯಿತು. ನೆಂಟರು ತಂದ ಗಡಿಯಾರ, ಪ್ಲಾಸ್ಟಿಕ್ ಹೂವು, ಓಡುವ ಕುದುರೆಗಳ ಚಿತ್ರ ಎಲ್ಲವನ್ನೂ ಮಗಳು ಕೈ ಮುಗಿದು ತೆಗೆದುಕೊಂಡು, ಒಂದೊಂದಾಗಿ ನಮ್ಮ ಮನೆಗೆ ದಾಟಿಸಿದಳು. ನಮ್ಮಲ್ಲಿ ಈಗ ನಾಲ್ಕು ಗಡಿಯಾರ ಉಂಟು, ನಾಲ್ಕಕ್ಕೂ ಬೇರೆ ಬೇರೆ ಗಂಟೆ. ನೆಂಟರು ಹೋದ ಮೇಲೆ ನಾವು ನಾಲ್ವರು, ಪುಳ್ಳಿ ಉಳಿದೆವು. ಕಿಟಕಿಯಿಂದ ಇಳಿಬಿಸಿಲು ಬಂದು ನೆಲಕ್ಕೆ ಬಿದ್ದಿತ್ತು. ಇಡೀ ಕೋಣೆ ಕೆಂಪಾಗಿ, ಸುಣ್ಣದ ಗೋಡೆಗೂ ಆ ಬಣ್ಣ ಸ್ವಲ್ಪ ಹತ್ತಿತ್ತು. ಖಾಲಿ ಇದ್ದರೂ ಕೋಣೆ ತುಂಬಿದ ಹಾಗೆ ಇತ್ತು.

ನನ್ನ ಕೆಲಸದ ಚೀಲ ಬಾಗಿಲ ಹತ್ತಿರ ಇತ್ತು. ಒಳಗೆ ಕಪ್ಪು ಪ್ಯಾಕೆಟು, ಉಳಿ ಎರಡೂ ಇದ್ದವು. ನಾಳೆಯೇ ಪಟ್ಟಿ ಕೊರೆಯುತ್ತೇನೆ ಎಂದು ಮಗಳಿಗೆ ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವಳು ಮಗುವನ್ನು ನೆಲಕ್ಕೆ ಬಿಟ್ಟಳು. ನಾನು ಎದುರು ಗೋಡೆಗೆ ಒರಗಿ ಕೂತೆ.

ಪುಳ್ಳಿ ಮೊದಲು ನೆಲಕ್ಕೆ ಎರಡು ಏಟು ಹೊಡೆದಳು. ಅದು ಜಾರುವುದಿಲ್ಲ ಎಂದು ಗೊತ್ತಾಯಿತು. ಹೊರಟಳು. ದಡದಡ ಬಂದು ನಟ್ಟನಡುವೆ ಗೆರೆಯ ಹತ್ತಿರ ನಿಂತುಬಿಟ್ಟಳು. ಬಗ್ಗಿ ನೋಡಿದಳು. ಉಗುರಿನಿಂದ ಕೆರೆದಳು. ಇಡೀ ಕೋಣೆಯಲ್ಲಿ ಅವಳ ಕಣ್ಣಿಗೆ ಬಿದ್ದದ್ದು ಅದೊಂದೇ. ಗೆರೆಯ ಗುಂಟ ಬೆರಳು ಎಳೆಯುತ್ತಾ ಒಂದಿಷ್ಟು ದೂರ ಹೋದಳು, ತಿರುಗಿ ಬಂದಳು, ತಲೆ ಎತ್ತಿ ನನ್ನನ್ನು ನೋಡಿ ಎರಡು ಹಲ್ಲು ತೋರಿಸಿ ನಕ್ಕಳು. ಮತ್ತೆ ಒಂದು ಕೈ ಆಚೆ ಇಟ್ಟಳು, ಮೊಣಕಾಲು ದಾಟಿಸಿದಳು, ಸೀದಾ ಬಂದು ನನ್ನ ಪಂಚೆ ಹಿಡಿದಳು.

"ನೋಡ್ರಿ ಮಾವಾರ" ಎಂದ ಅಳಿಯ, ಸಣ್ಣ ದನಿಯಲ್ಲಿ. "ಅವತ್ತ ನಾವ ಎದ್ದ ಓಡಿದ್ದು ಇಕಿ ಸಲುವಾಗಿ. ಈಗ ಅದನ್ನ ದಾಟಿ ನಿಮ್ಮ ಕಡೆ ಬಂದಳ್ರಿ."

ಮಗಳು ನನ್ನ ಮುಖ ನೋಡುತ್ತಿದ್ದಳು. "ಅಪ್ಪಾ, ಪಟ್ಟಿ ಹಾಕುವುದಾ?"

"ಯಾವ ಪಟ್ಟಿ? ಯಾಕೆ?" ಎಂದೆ.

ಹೆಂಡತಿ "ಅಬ್ಬಾ, ಒಗ್ಗರಣೆ ತಪ್ಪಿತು" ಎಂದು ಒಳಗೆ ಹೋದಳು.

ಕಪ್ಪು ಪ್ಯಾಕೆಟು ಈಗಲೂ ಚೀಲದ ಅಡಿಯಲ್ಲಿ ಉಂಟು, ಬಾಯಿ ಕಟ್ಟಿದ್ದು ಕಟ್ಟಿದ ಹಾಗೆಯೇ. ಅಳಿಯ ಕಳೆದ ವಾರ ಹಿರಿಯಡ್ಕದಲ್ಲಿ ಒಬ್ಬರು ಕಾವಿ ನೆಲ ಬೇಕು ಎಂದು ಕೇಳಿದ್ದಾರೆ ಎಂದ. ನಾನು ಬಗ್ಗುವುದಿಲ್ಲ, ಕುರ್ಚಿ ಹಾಕಿಕೊಂಡು ಬಾಗಿಲಲ್ಲಿ ಕೂತು ಹೇಳುತ್ತೇನೆ, ನೀನು ಎಳೆ ಎಂದಿದ್ದೇನೆ. ಮೇಸ್ತ್ರಿಯ ಕಲ್ಲು ಅವನ ಚೀಲಕ್ಕೆ ಹೋಗಿದೆ. ಫೋನನ್ನು ಮಾತ್ರ ಮನೆಯಲ್ಲಿ ಬಿಟ್ಟು ಹೋಗಬೇಕು ಎಂದು ಇಬ್ಬರೂ ಒಪ್ಪಿದ್ದೇವೆ.

ಅಗೋ, ಎದ್ದಳು. ಕೆನ್ನೆ ಮೇಲೆ ನೆಲದ ತಂಪು ಇನ್ನೂ ಇರಬೇಕು, ಹತ್ತಿರ ಬಂದರೆ ಮುಟ್ಟಿ ನೋಡಬೇಕು. ಗೆರೆ ದಾಟಿ ಪೆನ್ನಿಗೆ ಬರುತ್ತಿದ್ದಾಳೆ.